ಮೂವತ್ತು ಗಂಟಿನ ಹಗ್ಗ

ನಮ್ಮ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವ ಹಗ್ಗ ಒಂದಿದೆ. ನೀಲಿ ನೈಲಾನಿನದು. ಬಿಸಿಲಿಗೆ ಬಣ್ಣ ಹೋಗಿ ಈಗ ಅದನ್ನು ನೀಲಿ ಎನ್ನುವುದು ಬರೀ ಅಭ್ಯಾಸ. ಈ ಗೋಡೆಯಿಂದ ಆ ಗೋಡೆಗೆ ಮೂರು ಸಲ ಹೋಗಿ ಬರುವಷ್ಟು ಉದ್ದವಿದೆ. ಅದರ ಉದ್ದಕ್ಕೂ ಮೀಟರಿಗೊಂದರಂತೆ ಮೂವತ್ತು ಗಂಟುಗಳಿವೆ.

ನನ್ನ ಹೆಂಡತಿ ಜಗದೇವಿಗೆ ಈ ಗಂಟುಗಳನ್ನು ಕಂಡರಾಗದು. ಒಣಗಿದ ಅಂಗಿಯನ್ನು ಸರಿಸಲು ಹೋದರೆ ಕ್ಲಿಪ್ಪು ಗಂಟಿನ ಹತ್ತಿರ ಬಂದು ಎತ್ತಿನಂತೆ ನಿಂತುಬಿಡುತ್ತದೆ. ಬಜಾರಿನಲ್ಲಿ ಸಪಾಟಾದ ಹಗ್ಗ ಸಿಗುವುದಿಲ್ಲವೇ ಎಂದು ಅವಳು ಮದುವೆಯಾದಾಗಿನಿಂದ ಕೇಳುತ್ತಿದ್ದಾಳೆ. ತಂದರಾಯಿತು ಎಂದು ನಾನು ಮದುವೆಯಾದಾಗಿನಿಂದ ಹೇಳುತ್ತಿದ್ದೇನೆ.

ಹೋದ ಭಾನುವಾರ ಬೆಳಿಗ್ಗೆ ಅವಳ ಹೊಸ ಸೀರೆಯ ಅಂಚು ಗಂಟೊಂದಕ್ಕೆ ಸಿಕ್ಕಿ ಎಳೆ ಎದ್ದಿತು. ಮಧ್ಯಾಹ್ನ ಊಟಕ್ಕೆ ಅತಿಥಿಗಳು ಬರುವವರಿದ್ದರು, ಅವರು ಬಂದಾಗ ಉಡಬೇಕೆಂದು ಇಟ್ಟ ಸೀರೆ ಅದು. ನಾನು ಓಡಿಹೋಗಿ ನೋಡಿ, "ಇಪ್ಪತ್ತೆಂಟನೇದು" ಎಂದೆ.

"ಸೀರಿ ಹರದದ ಅಂದ್ರ ಗಂಟಿನ ನಂಬರ ಹೇಳ್ತೀರಲ್ರಿ. ನಿಮಗ ಏನ ಅನಬೇಕು?" ಎಂದಳು ಜಗದೇವಿ.

ಏನೆಂದರೂ ಸರಿಯೇ. ಆದರೆ ಆ ಇಪ್ಪತ್ತೆಂಟನೆಯ ಗಂಟಿನ ಗುರುತು ನನ್ನ ಬಲ ಅಂಗೈಯಲ್ಲಿದೆ. ಚಳಿಗಾಲದಲ್ಲಿ ಅದು ಇನ್ನೂ ಚುರುಗುಡುತ್ತದೆ. ಅದು ಹೇಗೆ ಬಂತೆಂದು ನಿಮಗೆ ಹೇಳಬೇಕು. ಎಲ್ಲರಿಗೂ ಹೇಳಿದ್ದೇನೆ, ನಿಜ. ಆದರೆ ಎರಡು ಎಣಿಕೆಯಷ್ಟು ಹೊತ್ತಿನ ಒಂದು ಸಂಗತಿಯನ್ನು ಯಾರಿಗೂ ಹೇಳಿರಲಿಲ್ಲ.

ಎಣಿಸುವ ಚಟ ನನಗೆ ಚಿಕ್ಕಂದಿನದು. ಭಾಲ್ಕಿಯ ನಮ್ಮ ಹಳೆಯ ಮನೆಯ ಹಿಂದೆ ರೈಲು ಹಳಿ. ಗೂಡ್ಸ್ ಗಾಡಿಯ ಸದ್ದು ಕೇಳಿದರೆ ತುತ್ತು ಬಿಟ್ಟು ಓಡುತ್ತಿದ್ದೆ. ಡಬ್ಬಿಗಳನ್ನು ಎಣಿಸುತ್ತ ಮೂವತ್ತರ ಹತ್ತಿರ ಬರುವಷ್ಟರಲ್ಲಿ ಆಯಿ ಹಿಂದಿನಿಂದ ಕೂಗುತ್ತಿದ್ದಳು, ಲೆಕ್ಕ ತಪ್ಪುತ್ತಿತ್ತು. ಆಯಿ ಎಂದರೆ ನಮ್ಮಪ್ಪನ ತಾಯಿ. ಎಣಿಸಿದ್ದು ಕಡಿಮೆಯಾಗುತ್ತದೆ ಎಂಬುದು ಅವಳ ಗಟ್ಟಿ ನಂಬಿಕೆ. ರೊಟ್ಟಿ ಬಡಿಯುವಾಗ ನಾನು ಪಕ್ಕದಲ್ಲಿ ಕುಳಿತು ಒಂದು, ಎರಡು ಎಂದು ಶುರುಮಾಡಿದರೆ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚುತ್ತಿದ್ದಳು. ನಮ್ಮ ಮನೆಯಲ್ಲಿ ರೊಟ್ಟಿಯ ಬುಟ್ಟಿ ತುಂಬಿದೆಯೋ ಇಲ್ಲವೋ ಎಂಬುದಷ್ಟೇ ಲೆಕ್ಕ, ಎಷ್ಟಿವೆ ಎಂದು ಯಾರೂ ಕೇಳುವಂತಿರಲಿಲ್ಲ. ಇಂಥವಳ ಮೊಮ್ಮಗ ಸಂಖ್ಯಾಶಾಸ್ತ್ರ ಓದಲು ಬೀದರಿಗೆ ಹೊರಟಾಗ, ಅಲ್ಲಿ ಏನು ಕಲಿಸುತ್ತಾರೆ ಎಂದು ಕೇಳಿದಳು. ಎಣಿಸುವುದನ್ನು ಎಂದೆ. ಆಯಿ ಬಹಳ ಹೊತ್ತು ಯೋಚಿಸಿ ಅಪ್ಪಣೆ ಕೊಟ್ಟಳು. "ಹೊರಗಿಂದು ಏನರೆ ಎಣಿಸ್ಕೋ. ಮನ್ಯಾಗಿಂದು ಎಣಿಸಬ್ಯಾಡ."

ಬೀದರಿನ ಹೊರವಲಯದಲ್ಲಿ ಕೆಂಪು ಮುರುಮಿನ ದಿಬ್ಬದ ಮೇಲೆ ನಮ್ಮ ವಿಭಾಗ. ಹೊರಗೆ ಸಂಖ್ಯಾಶಾಸ್ತ್ರ ಎಂದು ಬೋರ್ಡು. ಒಳಗೆ ಹೋದರೆ ಸಂಖ್ಯೆಗಳಿಗಿಂತ ಹುಳಗಳೇ ಹೆಚ್ಚು. ಜೀವಿಗಳನ್ನು ಲೆಕ್ಕಕ್ಕೆ ತರುವುದು ನಮ್ಮವರ ಸಂಶೋಧನೆ. ನನ್ನ ಜೊತೆಯವನೊಬ್ಬ ಕೂಲರಿನ ನೀರಿನಲ್ಲಿ ಹುಟ್ಟುವ ಸೊಳ್ಳೆಮರಿಗಳನ್ನು ಎಣಿಸುತ್ತಿದ್ದ. ಇನ್ನೊಬ್ಬಳು ತೊಗರಿಕಾಯಿ ಕೊರೆಯುವ ಹುಳಗಳನ್ನು. ಹುಳದ ಸ್ಟೀಲು ಡಬ್ಬಿಗಳು, ನಮ್ಮ ಊಟದ ಸ್ಟೀಲು ಡಬ್ಬಿಗಳು ಒಂದೇ ಕಪಾಟಿನಲ್ಲಿರುತ್ತಿದ್ದವು. ಒಮ್ಮೆ ಹಸಿದು ಬಂದು ಡಬ್ಬಿ ತೆರೆದರೆ ನನಗಿಂತ ಮೊದಲೇ ಊಟಕ್ಕೆ ಕುಳಿತವರು ಒಳಗಿದ್ದರು. ಪಕ್ಕದ ಕಟ್ಟಡದ ಪ್ರಾಣಿಶಾಸ್ತ್ರದವರು ನಮ್ಮನ್ನು ಗಣಿತದವರು ಎನ್ನುತ್ತಿದ್ದರು. ಗಣಿತದವರು ನಮ್ಮನ್ನು ಹುಳದವರು ಎನ್ನುತ್ತಿದ್ದರು. ನೆಂಟಸ್ತಿಕೆ ಇಬ್ಬರಿಗೂ ಬೇಡ.

ನನ್ನ ಪಾಲಿಗೆ ಬಂದದ್ದು ಚಿಗರಿ. ಪುಸ್ತಕದಲ್ಲಿ ಕೃಷ್ಣಮೃಗ ಎನ್ನುತ್ತಾರೆ. ಔರಾದ ಕಡೆಯ ಹುಲ್ಲುಬೀಳುಗಳಲ್ಲಿ ಅವು ಹಿಂಡುಹಿಂಡಾಗಿ ಮೇಯುತ್ತವೆ. ರೈತರನ್ನು ಕೇಳಿದರೆ ಸಾವಿರ ಇವೆ, ಸೋಯಾ ಉಳಿಸಿಲ್ಲ ಎನ್ನುತ್ತಾರೆ. ನೋಡಲೆಂದು ಬೀದರಿನಿಂದ ಬಂದವರನ್ನು ಕೇಳಿದರೆ ಒಂದೂ ಕಾಣಲಿಲ್ಲ ಎನ್ನುತ್ತಾರೆ. ಈ ಸಾವಿರಕ್ಕೂ ಸೊನ್ನೆಗೂ ನಡುವೆ ನಿಜ ಎಲ್ಲಿದೆ ಎಂದು ಹುಡುಕುವುದು ನನ್ನ ಪ್ರಬಂಧದ ವಿಷಯ. ಮಾರ್ಗದರ್ಶಕರು ಸುವರ್ಣಾ ಮೇಡಂ.

ಮೇಡಂ ಸಣ್ಣ ಆಳು. ಬಯಲಿಗೆ ಹೊರಟರೆಂದರೆ ಚೂಡಿದಾರದ ಮೇಲೊಂದು ಗಂಡಸರ ಅಂಗಿ, ಕಾಲಿಗೆ ಕ್ಯಾನ್ವಾಸ್ ಬೂಟು, ಕೊರಳಿಗೆ ದಾರ ಕಟ್ಟಿದ ಕನ್ನಡಕ. ಚಿಗರಿಗಳನ್ನು ಒಂದೊಂದಾಗಿ ಎಣಿಸಲು ಆಗುವುದಿಲ್ಲ, ಅವು ನಿಲ್ಲುವುದಿಲ್ಲ. ಅದಕ್ಕೆ ನಕಾಶೆಯ ಮೇಲೆ ನೇರ ಗೆರೆಗಳನ್ನು ಎಳೆಯಬೇಕು, ಯಾವ ಗೆರೆ ಎಂಬುದನ್ನು ಚೀಟಿ ಎತ್ತಿ ತಿಳಿಯಬೇಕು, ಬಂದ ಗೆರೆಯ ಮೇಲೆ ಸದ್ದಿಲ್ಲದೆ ನಡೆದು, ಕಂಡ ಚಿಗರಿ ಎಷ್ಟು, ಗೆರೆಯಿಂದ ಎಷ್ಟು ದೂರ ಎಂದು ಬರೆಯಬೇಕು. ಕಂಡವುಗಳಿಂದ ಕಾಣದೆ ಹೋದವು ಎಷ್ಟು ಎಂದು ತಿಳಿಯುವ ಲೆಕ್ಕ ಇದು. ಮೊದಲ ದಿನವೇ ನಾನು, ಗೆರೆಯ ಪಕ್ಕದಲ್ಲೇ ಚೆನ್ನಾದ ಬಂಡಿದಾರಿ ಇದೆಯಲ್ಲ ಎಂದೆ.

"ದಾರಿ ಹಿಡದು ಹೋದ್ರ ದಾರೀದು ಲೆಕ್ಕ ಸಿಗ್ತದ ಶರಣಪ್ಪ, ಚಿಗರೀದು ಸಿಗಂಗಿಲ್ಲ. ಗೆರಿ ಅಂದ್ರ ಗೆರಿ," ಎಂದರು ಮೇಡಂ.

ಗೆರೆ ಅಳೆಯಲು ಹಗ್ಗ ಬೇಕಾಯಿತು. ಗಾಂಧಿ ಗಂಜಿನಲ್ಲಿ ಗೋಣಿಚೀಲ, ಹುರಿ, ಹಗ್ಗ ಮಾರುವ ಅಂಗಡಿಗೆ ಇಬ್ಬರೂ ಹೋದೆವು. ಮೇಡಂ ಹಗ್ಗವನ್ನು ಹಿಡಿದು ಜಗ್ಗಿ, ಕಾಲಿನಿಂದ ತುಳಿದು, ಮತ್ತೆ ಜಗ್ಗಿ ಪರೀಕ್ಷಿಸುತ್ತಿದ್ದರು. ಏನು ಕಟ್ಟುವುದಿದೆ ಎಂದು ಅಂಗಡಿಯವನು ಕೇಳಿದ. ಚಿಗರಿ ಎಣಿಸುವುದಿದೆ ಎಂದೆ. ಅವನು ನಮ್ಮಿಬ್ಬರನ್ನೂ ನೋಡಿ, ಹೊರಗೆ ತೊಗರಿಚೀಲ ಇಳಿಸುತ್ತಿದ್ದ ಹಮಾಲರ ಕಡೆ ತಿರುಗಿ, "ಮೊದಲ ಕಟ್ತಾರಂತಪ, ಆಮ್ಯಾಲ ಎಣಿಸ್ತಾರಂತ" ಎಂದು ಗಂಭೀರವಾಗಿ ತಿಳಿಸಿದ. ಚೀಲ ಹೊತ್ತವರು ಚೀಲ ಹೊತ್ತುಕೊಂಡೇ ನಕ್ಕರು. ಹಗ್ಗ ಮಾತ್ರ ಒಳ್ಳೆಯದು ಕೊಟ್ಟ. ವಿಭಾಗದ ವರಾಂಡದಲ್ಲಿ ಒಂದಿಡೀ ದಿನ ಕುಳಿತು, ಉಕ್ಕಿನ ಟೇಪು ಹಿಡಿದು ಗಂಟು ಹಾಕಿದೆವು. ನಾನು ಹಾಕಿದ್ದನ್ನೆಲ್ಲ ಮೇಡಂ ಬಿಚ್ಚಿ ಮತ್ತೆ ಹಾಕಿದರು.

ನಡೆಯುವ ಕ್ರಮ ಹೀಗಿತ್ತು. ಮೇಡಂ ಮುಂದೆ. ಅವರ ಕೈಗೆ ದುರ್ಬೀನು ಬೇಕಲ್ಲ, ಅದಕ್ಕೆ ಹಗ್ಗದ ಒಂದು ತುದಿಯನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದರು. ನಾನು ಇಪ್ಪತ್ತೈದು ಗಂಟುಗಳಷ್ಟು ಹಿಂದೆ, ಒಂದು ಕೈಯಲ್ಲಿ ಹಗ್ಗ, ಒಂದು ಕೈಯಲ್ಲಿ ದಿಕ್ಸೂಚಿ. ಮಿಕ್ಕ ಐದು ಗಂಟುಗಳ ಹಗ್ಗ ನನ್ನ ಹಿಂದೆ ಹುಲ್ಲಿನಲ್ಲಿ ಬಾಲದಂತೆ. ಮಾತು ಕೂಡದು, ಚಿಗರಿ ಓಡಿಹೋಗುತ್ತವೆ. ಹಗ್ಗವೇ ನಮ್ಮ ಮಾತು. ಒಂದು ಸಲ ಜಗ್ಗಿದರೆ ನಿಲ್ಲಿ, ಎರಡು ಸಲ ಜಗ್ಗಿದರೆ ಎಡಕ್ಕೆ, ಮೂರು ಸಲ ಜಗ್ಗಿದರೆ ಬಲಕ್ಕೆ. ಅಂದರೆ, ನೀವು ಗಮನಿಸಿರಬಹುದು, ಮೇಡಂ ಎಲ್ಲಿ ಕಾಲಿಡಬೇಕೆಂದು ನಿರ್ಧರಿಸುವವನು ನಾನು. ಗುರುಗಳನ್ನು ಎತ್ತಿನಂತೆ ಹಿಂದಿನಿಂದ ನಡೆಸುವ ಭಾಗ್ಯ ಎಷ್ಟು ವಿದ್ಯಾರ್ಥಿಗಳಿಗೆ ಸಿಗುತ್ತದೆ ಎಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ.

ಮಳೆಗಾಲ ಮುಗಿದ ಹೊಸತು. ಐದನೆಯ ಗೆರೆಯ ದಿನ ಬೆಳಗಿನ ಮೊದಲ ಬಸ್ಸಿಗೆ ಔರಾದಕ್ಕೆ ಹೋಗಿ, ಅಲ್ಲಿಂದ ಹಾಲಿನ ಜೀಪಿನಲ್ಲಿ ಬೀಳಿನವರೆಗೆ ಹೋದೆವು. ಅದಕ್ಕೂ ಮೊದಲು ನಡೆದ ನಾಲ್ಕು ಗೆರೆಗಳಲ್ಲಿ ನಮಗೆ ಸಿಕ್ಕಿದ್ದು ಸೊನ್ನೆ, ಸೊನ್ನೆ, ಒಂದು ಹೆಣ್ಣು ಚಿಗರಿ, ಸೊನ್ನೆ. ಅವತ್ತಿನ ಗೆರೆಯಲ್ಲಿ ಹುಲ್ಲು ಸೊಂಟದವರೆಗೆ ಬೆಳೆದಿತ್ತು. ಒಂದು ಸಣ್ಣ ಏರು ಹತ್ತಿದೆವೋ ಇಲ್ಲವೋ, ಎಡಗಡೆ ದೂರದಲ್ಲಿ ಹಿಂಡು. ಕಪ್ಪು ಬೆನ್ನಿನ ಗಂಡು ಒಂದು, ಕೊಂಬು ಹಿಂದಕ್ಕೆ ಚಾಚಿ ನಿಂತಿದೆ. ಸುತ್ತ ಕಂದು ಬಣ್ಣದ ಹೆಣ್ಣುಗಳು, ಮರಿಗಳು. ಬಿಸಿಲು ಅವುಗಳ ಕಿವಿಯ ಮೂಲಕ ಹಾಯ್ದು ಕಿವಿಯೆಲ್ಲ ಗುಲಾಬಿ. ಮೇಡಂ ದುರ್ಬೀನು ಎತ್ತಿದರು. ನಡೆಯುತ್ತಲೇ ಇದ್ದರು. ನಾನೂ ಎಣಿಸತೊಡಗಿದೆ.

ಅಷ್ಟರಲ್ಲಿ ಮೇಡಂ ಒಂದಿಷ್ಟು ಬಲಕ್ಕೆ ಸರಿದದ್ದು ಕಂಡಿತು. ಗೆರೆ ತಪ್ಪುತ್ತಿದೆ. ನಾನು ದಿಕ್ಸೂಚಿ ನೋಡಿ, ಒಳ್ಳೆಯ ವಿದ್ಯಾರ್ಥಿಯಂತೆ ಎರಡು ಸಲ ಜಗ್ಗಿದೆ. ಅವರು ಎಡಕ್ಕೆ ಬಂದರು. ಗೆರೆ ಸರಿಯಾಯಿತು.

ಆಗ ಕೂಗು ಕೇಳಿಸಿತು. ದೂರದ ಬೇವಿನ ಮರದ ಕೆಳಗೆ ಮೇಕೆ ಕಾಯುತ್ತಿದ್ದ ಮುದುಕನೊಬ್ಬ ಎರಡೂ ಕೈ ಎತ್ತಿ ಕೂಗುತ್ತಿದ್ದ. "ಬಾವಿ ಅದರೀ, ಬಾವಿ."

ಇಲ್ಲಿಗೆ ಬಂದಾಗ ನನ್ನ ನೆನಪು ಪ್ರತಿ ಸಲವೂ ನಿಧಾನವಾಗುತ್ತದೆ. ಬಾವಿ ಎಂಬ ಮಾತು ಕಿವಿಗೆ ಬಿದ್ದಾಗ ನಾನು ಒಂಬತ್ತಕ್ಕೆ ಬಂದಿದ್ದೆ. ಆಮೇಲೆ ಹತ್ತು ಎಂದೆ. ಹನ್ನೊಂದು ಎಂದೆ. ಅದಾದ ಮೇಲೆ ಹಗ್ಗವನ್ನು ಒಂದು ಸಲ ಜಗ್ಗಿದೆ.

ಹಗ್ಗ ಜಾಲಿಮುಳ್ಳಿಗೆ ಸಿಕ್ಕಾಗಲೂ ಹೀಗೇ ಒಂದು ಜಗ್ಗು ಬರುತ್ತದೆ. ಮೇಡಂ ದುರ್ಬೀನು ಇಳಿಸದೆ, ಬಿಡಿಸಿಕೋ ಎನ್ನುವಂತೆ ಹಿಂದಕ್ಕೆ ಕೈ ಬೀಸಿ, ಮತ್ತೊಂದು ಹೆಜ್ಜೆ ಇಟ್ಟರು. ಆಗ ನಾನು ಬಾಯಿ ಬಿಟ್ಟು ಕೂಗಿದೆ. ಹಿಂಡಿಗೆ ಹಿಂಡೇ ಗಾಳಿಗೆ ಎದ್ದಿತು. ಮೇಡಂ ಹುಲ್ಲಿನೊಳಗೆ ಇಳಿದುಹೋದರು. ಬಿದ್ದರು ಎನ್ನುವಂತೆಯೂ ಇರಲಿಲ್ಲ, ಇದ್ದ ಜಾಗದಲ್ಲಿ ಬರೀ ಹುಲ್ಲಿತ್ತು.

ಹಗ್ಗ ನನ್ನ ಕೈಯಿಂದ ಓಡಿತು. ಇಪ್ಪತ್ತಾರನೆಯ ಗಂಟು ಅಂಗೈಗೆ ಹೊಡೆದು ಹೋಯಿತು, ಇಪ್ಪತ್ತೇಳೂ ಹೋಯಿತು. ನಾನು ಬೋರಲು ಬಿದ್ದು ಎಳೆದುಕೊಂಡು ಹೋಗುತ್ತಿದ್ದೆ. ಹೊಲದ ಸರಹದ್ದಿಗೆ ಹುಗಿದ ಹಳೆಯ ಕಲ್ಲೊಂದು ಕಾಲಿಗೆ ಸಿಕ್ಕಿತು. ಇಪ್ಪತ್ತೆಂಟನೆಯ ಗಂಟು ಮುಷ್ಟಿಯಲ್ಲಿ ನಿಂತಿತು. ಗಂಟಿಲ್ಲದ ಸಪಾಟು ಹಗ್ಗವಾಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಸಪಾಟು ಹಗ್ಗ ತರುವುದನ್ನು ನಾನು ಯಾಕೆ ಮರೆಯುತ್ತೇನೆಂದು ಈಗ ನಿಮಗಾದರೂ ತಿಳಿದಿರಬೇಕು.

ಮುದುಕ ತನ್ನ ವಯಸ್ಸನ್ನು ಮರೆತು ಓಡಿಬಂದ. ಅವನ ಹೆಸರು ಚಾಂದ್ ಚಾಚಾ ಎಂದು ಆಮೇಲೆ ತಿಳಿಯಿತು. ಕೈಯಲ್ಲಿ ಮೇಕೆಗೆ ಸೊಪ್ಪು ಇಳಿಸುವ ಉದ್ದನೆಯ ಗಳ. ಅಂಚಿನಲ್ಲಿ ಮಲಗಿ ಗಳ ಇಳಿಬಿಟ್ಟ. ಕೆಳಗೆ, ಹಾಳುಬಾವಿಯ ಗೋಡೆಯಿಂದ ಹೊರಚಾಚಿದ ಮೆಟ್ಟಿಲುಗಲ್ಲಿನ ಮೇಲೆ ಮೇಡಂ ಒಂದು ಕಾಲೂರಿ, ಆಲದ ಬೇರನ್ನು ತಬ್ಬಿ ನಿಂತಿದ್ದರಂತೆ. ಅದರ ಕೆಳಗೆ ಹಸಿರು ನೀರು. "ಅಕ್ಕೋರೇ, ಗಳಾ ಹಿಡೀರಿ, ಕೆಳಗ ನೋಡಬ್ಯಾಡ್ರಿ" ಎನ್ನುತ್ತಿದ್ದ ಚಾಚಾ. ನಾನು ಜಗ್ಗಿದೆ, ಅವನು ಎತ್ತಿದ. ಮೊದಲು ಒಂದು ಕೈ ಬಂತು, ಆಮೇಲೆ ಹುಲ್ಲು ಮೆತ್ತಿದ ತಲೆ ಬಂತು. ಕನ್ನಡಕ ಕೊರಳಲ್ಲೇ ಇತ್ತು.

ಮೇಡಂ ಕುಳಿತು ಎರಡು ಸಲ ಉಸಿರೆಳೆದುಕೊಂಡರು. ನನ್ನ ಕೈಯಿಂದ ರಕ್ತ ಸೋರುತ್ತಿತ್ತು. ಅವರು ನನ್ನನ್ನು ನೋಡಿ ಕೇಳಿದ್ದು ಒಂದೇ ಮಾತು.

"ಎಷ್ಟಿದ್ವು ಶರಣಪ್ಪ?"

"ಪೂರಾ ಆಗ್ಲಿಲ್ರಿ ಮೇಡಂ."

"ಹಂಗಾದ್ರ ಅಡ್ಡಗೆರಿ ಹಾಕು. ಸೊನ್ನಿ ಹಾಕಬ್ಯಾಡ. ಸೊನ್ನಿ ಅಂದ್ರ ನೋಡಿದ್ವಿ, ಇರಲಿಲ್ಲ ಅಂತ. ಅಡ್ಡಗೆರಿ ಅಂದ್ರ ನಮಗ ಗೊತ್ತಿಲ್ಲ ಅಂತ."

ಚಾಂದ್ ಚಾಚಾನಿಗೆ ಇದು ಸರಿಕಾಣಲಿಲ್ಲ. ಗೊತ್ತಿಲ್ಲ ಎಂದು ಯಾಕೆ ಬರೆಯುತ್ತೀರಿ, ಆ ಹಿಂಡಿನಲ್ಲಿ ಹದಿನೇಳು ಇವೆ, ನಾನು ದಿನಾ ನೋಡುತ್ತೇನೆ ಎಂದ. ಗೆರೆಯ ಮೇಲಿಂದ ನಾವು ಎಣಿಸಿದ್ದಷ್ಟೇ ಲೆಕ್ಕಕ್ಕೆ ಬರುತ್ತದೆ ಎಂದು ಮೇಡಂ ಕೈಮುಗಿದು ತಿಳಿಹೇಳಿದರು. ಚಾಚಾ ನಮ್ಮ ಗೆರೆಯನ್ನು, ಅಂದರೆ ಹುಲ್ಲಿನಲ್ಲಿ ನಾವು ತುಳಿದು ಬಂದ ನೆಟ್ಟನೆಯ ಜಾಡನ್ನು, ಬಾವಿಯವರೆಗೂ ಕಣ್ಣಲ್ಲೇ ಅಳೆದ.

"ಚಿಗರಿನೂ ಈ ಬಾವಿ ಸುತ್ತ ಹಾಕಿ ಹೋಗ್ತಾವ್ರಿ ಅಕ್ಕೋರೆ. ನನ್ನ ಬಕ್ರಿನೂ ಹೋಗ್ತಾವ. ಸೀದಾ ಬಂದೋರು ನೀವಿಬ್ಬರಽ ನೋಡ್ರಿ."

ಅಷ್ಟು ಹೇಳಿ ತನ್ನ ಗುಡಿಸಿಲಿಗೆ ಕರೆದೊಯ್ದು ಮೇಕೆಹಾಲಿನ ಚಹಾ ಕುಡಿಸಿದ. ನನ್ನ ಅಂಗೈಗೆ ಅರಿಸಿನ ಒತ್ತಿ, ತನ್ನ ರುಮಾಲಿನ ತುಂಡು ಕಟ್ಟಿದ. ಆ ಚಹಾದ ರುಚಿ ಮತ್ತೆಲ್ಲೂ ಸಿಕ್ಕಿಲ್ಲ. ಮೇಡಂ ಮೂರು ಕಪ್ಪು ಕುಡಿದರು. ಹೊರಡುವಾಗ ಅವನ ಹದಿನೇಳನ್ನು ತಮ್ಮ ನೋಟುಬುಕ್ಕಿನ ಕೊನೆಯ ಪುಟದಲ್ಲಿ, ಅವನ ಕಣ್ಣೆದುರಿಗೇ, ಬೇರೆಯಾಗಿ ಬರೆದುಕೊಂಡರು. ಚಾಚಾ ಸಮಾಧಾನಗೊಂಡ.

ಮರುವಾರ ವಿಭಾಗದ ಗೋಡೆಯ ಮೇಲೆ ಹೊಸ ನಿಯಮ ಬಂತು: ಗೆರೆ ಹಿಡಿಯುವ ಮೊದಲು ಊರಿನವರನ್ನು ಕೇಳುವುದು. ಅದೇ ದಿನ ಮೇಡಂ ಉಕ್ಕಿನ ಟೇಪು ಹಿಡಿದು ಹಗ್ಗವನ್ನು ಗಂಟುಗಂಟಿಗೂ ಅಳೆದರು. ಅವರ ಭಾರಕ್ಕೆ ಅದು ಎಳೆದುಕೊಂಡಿತ್ತು. ಎಲ್ಲಿಯೂ ಮೀಟರು ಮೀಟರಾಗಿ ಉಳಿದಿರಲಿಲ್ಲ. ಈ ಹಗ್ಗ ಇನ್ನು ಮುಂದೆ ಸುಳ್ಳು ಹೇಳುತ್ತದೆ, ಕೆಲಸಕ್ಕೆ ಬರುವುದಿಲ್ಲ ಎಂದು ಬದಿಗಿಟ್ಟರು. ನನ್ನ ಮದುವೆಗೆ ಬಂದಾಗ ಬಣ್ಣದ ಕಾಗದ ಸುತ್ತಿದ ಪೊಟ್ಟಣ ಕೊಟ್ಟರು. ಜಗದೇವಿ ಸೀರೆ ಎಂದುಕೊಂಡು ಬಿಚ್ಚಿದಳು. ಆ ಪೆಟ್ಟನ್ನು ಅವಳು ಇನ್ನೂ ಮರೆತಿಲ್ಲ.

ಪ್ರಬಂಧ ಮುಗಿಯಿತು, ಪದವಿ ಬಂತು, ಭಾಲ್ಕಿಯಲ್ಲೇ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸವೂ ಆಯಿತು. ಔರಾದದ ಆ ಬೀಳಿಗೆ ನಮ್ಮ ಲೆಕ್ಕ ಕೊಟ್ಟ ಉತ್ತರ 'ಇಷ್ಟರಿಂದ ಇಷ್ಟರವರೆಗೆ' ಎಂದಿತ್ತು. ಆ ನಡುವಿನ ಜಾಗ ಎಷ್ಟು ವಿಶಾಲವಾಗಿತ್ತೆಂದರೆ ಚಾಚಾನ ಹದಿನೇಳು ಅದರಲ್ಲಿ ಕಾಲು ಚಾಚಿ ಮಲಗಬಹುದಿತ್ತು. ಎಲ್ಲವೂ ಸುಖವಾಗಿತ್ತು, ಆ ಎರಡು ಎಣಿಕೆಯನ್ನು ಬಿಟ್ಟರೆ. ತರಗತಿಯಲ್ಲಿ ಹಾಜರಿ ಕರೆಯುವಾಗ ಒಂಬತ್ತಕ್ಕೆ ಬಂದರೆ ಈಗಲೂ ನಾಲಗೆ ತಡೆಯುತ್ತದೆ. ಹತ್ತು ಎನ್ನುವ ಬದಲು ಕೂಗಿದ್ದರೆ ಮೇಡಂ ಅಂಚಿಗೆ ಎರಡು ಹೆಜ್ಜೆ ಈಚೆಗೇ ನಿಲ್ಲುತ್ತಿದ್ದರು. ಎಲ್ಲರೂ ನನ್ನನ್ನು ಹಗ್ಗ ಬಿಡದವನು ಎಂದು ಹೊಗಳಿದರು. ಮೇಡಂ ಸಿಕ್ಕವರಿಗೆಲ್ಲ, ಇವನಿಂದ ನಾನು ಉಳಿದೆ ಎಂದು ಹೇಳಿದರು. ಹಾಗೆ ಹೇಳಿದಾಗಲೆಲ್ಲ ಅಂಗೈ ಚುರುಗುಡುತ್ತಿತ್ತು. ಹೇಳಿಬಿಟ್ಟರೆ ಅವರು ನನ್ನನ್ನು ಮತ್ತೆ ಹಾಗೆ ನೋಡಲಾರರು ಎಂಬ ಅಂಜಿಕೆಯಲ್ಲಿ ವರ್ಷಗಳು ಹೋದವು.

ಆ ಭಾನುವಾರ ಊಟಕ್ಕೆ ಬರುವವರಿದ್ದದ್ದು ಮೇಡಮ್ಮೇ. ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಜಗದೇವಿ ಸೀರೆಯ ಎಳೆ ತೋರಿಸಿ ಫಿರ್ಯಾದಿ ಒಪ್ಪಿಸಿದಳು. ಅವರು ನಕ್ಕು, ಹಗ್ಗ ನೋಡೋಣ ಎಂದು ನನ್ನ ಜೊತೆ ಮಾಳಿಗೆ ಹತ್ತಿದರು. ಗಂಟುಗಳ ಮೇಲೆ ಕೈಯಾಡಿಸುತ್ತ ಬಂದು ಇಪ್ಪತ್ತೆಂಟನೆಯದರ ಹತ್ತಿರ ನಿಂತರು. ಅದೇ ಗಂಟು ಎಂದು ಅವರಿಗೂ ಗೊತ್ತು. ನನಗೆ ಇನ್ನು ತಡೆಯಲಾಗಲಿಲ್ಲ.

"ಮೇಡಂ, ಅವತ್ತ ಚಾಚಾ ಬಾವಿ ಅಂದದ್ದು ನನಗ ಕೇಳಿಸಿತ್ತ್ರಿ. ಕೇಳಿಸಿದ ಮ್ಯಾಲೂ ನಾ ಎರಡು ಚಿಗರಿ ಎಣಿಸಿದೆ. ಆಮ್ಯಾಲ ಹಗ್ಗ ಜಗ್ಗಿದ್ದು."

ಮೇಡಂ ಒಂದು ಕ್ಲಿಪ್ಪು ತೆಗೆದು ಮತ್ತೆ ಸಿಕ್ಕಿಸಿದರು. ದೂರದ ಹಳಿಯ ಮೇಲೆ ಗೂಡ್ಸ್ ಗಾಡಿಯೊಂದು ಹೋಗುತ್ತಿತ್ತು, ನಾನು ಡಬ್ಬಿ ಎಣಿಸಲಿಲ್ಲ.

"ಎಷ್ಟಕ್ಕ ಬಂದಿದ್ದಿ?" ಎಂದರು.

"ಹನ್ನೊಂದಕ್ಕ್ರಿ."

"ನಾ ಹದಿಮೂರಕ್ಕ ಬಂದಿದ್ದೆ."

ನಾನು ಅವರ ಮುಖ ನೋಡಿದೆ.

"ನನ್ನ ಕಿವಿ ಏನು ಕಿವುಡಾಗಿದ್ವೇನು? ನನಗೂ ಕೇಳಿಸಿತ್ತು. ಬಾವಿ ಇನ್ನಾ ಮುಂದ ಇರಬೇಕು, ಇವಷ್ಟು ಮುಗಿಸಿ ನಿಲ್ಲೋಣ ಅಂದ್ಕೊಂಡೆ. ನೀ ಜಗ್ಗಿದ್ದೂ ಗೊತ್ತಾಯ್ತು. ಮುಳ್ಳಿಗೆ ಸಿಕ್ಕದ ಅಂತ ನನಗ ನಾನಽ ಹೇಳ್ಕೊಂಡೆ."

"ಮತ್ತ ನನಗ ಇಷ್ಟು ದಿನ ಯಾಕ ಹೇಳಲಿಲ್ರಿ?"

"ಹ್ಯಾಂಗ ಹೇಳಬೇಕಪ? ಬಾವ್ಯಾಗ ಬೀಳೋಮುಂದ ಎಣಿಸ್ಲಿಕ್ಕ ಹತ್ತಿದ್ದೆ ಅಂತ ಸ್ಟೂಡೆಂಟ್ ಮುಂದ ಹೇಳಲಿಕ್ಕ ನನಗ ನಾಚಿಕಿ ಬರಂಗಿಲ್ಲೇನು?"

ಮೊದಲು ನಕ್ಕವರು ಯಾರೋ ನೆನಪಿಲ್ಲ. ಮೇಡಂ ಹಗ್ಗ ಹಿಡಿದುಕೊಂಡು ನಕ್ಕರು, ಹಗ್ಗದ ಮೇಲಿದ್ದ ನನ್ನ ಅಂಗಿಗಳೂ ಕುಲುಕಿದವು. ನಗುತ್ತಲೇ ಹನ್ನೊಂದು, ಹದಿಮೂರು, ಹದಿನೇಳು ಎಂದು ಬೆರಳು ಮಡಚಿದರು. ಇಬ್ಬರು ಓದಿದವರ ಲೆಕ್ಕ ಕೂಡದೆ, ಓಡಿಬಂದವನ ಲೆಕ್ಕವಷ್ಟೇ ಪೂರಾ ಆಗಿತ್ತು. ನನಗೆ ಆಯಿಯ ಹಿಟ್ಟಿನ ಕೈ ನೆನಪಾಯಿತು. ಎಣಿಸಿದರೆ ಕಡಿಮೆಯಾಗುತ್ತವೆ ಎಂದಳಲ್ಲ, ಅವತ್ತು ಕಡಿಮೆಯಾಗುವುದರಲ್ಲಿದ್ದದ್ದು ಚಿಗರಿಗಳಲ್ಲ, ಎಣಿಸುವವರು. ಅವಳ ಮಾತನ್ನು ಮೇಡಮ್ಮಿಗೆ ಹೇಳಿದೆ. ನಮ್ಮ ಗೋಡೆಯ ಮೇಲಿನ ನಿಯಮಕ್ಕಿಂತ ಅದು ಚೆನ್ನಾಗಿದೆ ಎಂದರು.

ಅಷ್ಟರಲ್ಲಿ ಕೆಳಗಿನಿಂದ ಜಗದೇವಿಯ ದನಿ ಬಂತು. ಒಲೆಯ ಮೇಲೆ ಹಂಚು ಕಾದಿದೆ, ಒಬ್ಬೊಬ್ಬರಿಗೆ ಎಷ್ಟು ರೊಟ್ಟಿ ಬಡಿಯಲಿ ಎಂದು ಕೇಳುತ್ತಿದ್ದಳು.

ನಾವಿಬ್ಬರೂ ಒಟ್ಟಿಗೇ ಮಾಳಿಗೆಯ ಅಂಚಿನಿಂದ ಬಗ್ಗಿದೆವು. ಅಂಚಿನಿಂದ ಒಂದು ಹೆಜ್ಜೆ ಈಚೆಗೆ ನಿಂತೇ ಬಗ್ಗಿದೆವೆನ್ನಿ.

"ಎಣಿಸಬ್ಯಾಡವ್ವಾ," ಎಂದರು ಮೇಡಂ, "ಸುಮ್ನ ಬಡಿ."